ಕೆಂಪುಕೋಟೆಯ ವಾದ: ಭೂಲಾಭಾಯಿ ದೇಸಾಯಿಯವರಿಗೆ ಸಲ್ಲಬೇಕಾದ ನ್ಯಾಯ

ದೆಹಲಿಯ ಕೆಂಪುಕೋಟೆಯಲ್ಲಿ ಎಂಬತ್ತೇಳು ವರ್ಷಗಳ ಅಂತರದಲ್ಲಿ ಎರಡು ದೊಡ್ಡ ಸೈನಿಕ ವಿಚಾರಣೆಗಳು ನಡೆದವು. 1858ರ ಜನವರಿಯಿಂದ ಮಾರ್ಚ್‌ವರೆಗೆ ನಡೆದ ಮೊದಲನೆಯದರಲ್ಲಿ ಆಪಾದಿತನಾಗಿ ನಿಂತವನು ಆ ಕೋಟೆಯ ಒಡೆಯನೇ ಆಗಿದ್ದ ವೃದ್ಧ ಬಾದಶಹ ಬಹಾದೂರ್ ಶಹಾ. ಅವನ ಅಜ್ಜ ಶಹಾ ಆಲಮನ ಕೈಯಿಂದಲೇ 1765ರಲ್ಲಿ ಕಂಪನಿ ಬಂಗಾಲದ ದಿವಾನಿ ಪಡೆದಿತ್ತು. ಕೊಟ್ಟವನ ಮನೆತನದ ದೊರೆ ಪಡೆದವರಿಗೆ ದ್ರೋಹ ಬಗೆಯುವುದು ಹೇಗೆ? ಈ ಪ್ರಶ್ನೆಯನ್ನು ಅಲ್ಲಿ ಎತ್ತಿ, ಕಾನೂನಿನ ಭಾಷೆಯಲ್ಲಿ ವಾದಿಸಬಲ್ಲ ಸಮರ್ಥ ವಕೀಲನೊಬ್ಬ ಆ ಮುದುಕನಿಗೆ ಇರಲಿಲ್ಲ. ಅವನನ್ನು ರಂಗೂನಿಗೆ ಸಾಗಿಸಿದರು. 1862ರಲ್ಲಿ ಅಲ್ಲಿಯೇ ಮಣ್ಣಾದ.

ಎರಡನೆಯ ವಿಚಾರಣೆ ಆರಂಭವಾದುದು 1945ರ ನವೆಂಬರ್ 5ರಂದು. ಆಪಾದಿತರು ಆಜಾದ್ ಹಿಂದ್ ಫೌಜಿನ ಮೂವರು ಅಧಿಕಾರಿಗಳು: ಶಹಾನವಾಜ್ ಖಾನ್, ಪ್ರೇಮಕುಮಾರ ಸಹಗಲ್, ಗುರುಬಕ್ಷ ಸಿಂಗ್ ಧಿಲ್ಲೋನ್. ಒಬ್ಬ ಮುಸಲ್ಮಾನ, ಒಬ್ಬ ಹಿಂದೂ, ಒಬ್ಬ ಸಿಖ್. ಇವರನ್ನು ಒಟ್ಟಿಗೆ ಕಟಕಟೆಯಲ್ಲಿ ನಿಲ್ಲಿಸಿದ್ದು ಸರಕಾರ ತನ್ನ ಕೈಯಾರೆ ಮಾಡಿಕೊಂಡ ತಪ್ಪು ಎಂಬುದನ್ನು ಅಂದಿನಿಂದ ಇಂದಿನವರೆಗೆ ಎಲ್ಲರೂ ಹೇಳುತ್ತ ಬಂದಿದ್ದಾರೆ. ಹೇಳದೆ ಬಿಟ್ಟದ್ದು ಬೇರೊಂದಿದೆ. 1858ರಲ್ಲಿ ಕೇಳದೆ ಹೋದ ಪ್ರಶ್ನೆಯನ್ನು, ಅಂದರೆ ನಿಷ್ಠೆ ಯಾರಿಗೆ, ಏಕೆ, ಎಲ್ಲಿಯವರೆಗೆ ಎಂಬುದನ್ನು, ಅದೇ ಕೋಟೆಯ ಗೋಡೆಗಳ ನಡುವೆ ನಿಂತು ಕೇಳಿದವರು ಮುಂಬಯಿಯ ನ್ಯಾಯವಾದಿ ಭೂಲಾಭಾಯಿ ದೇಸಾಯಿ. ಜನರ ನೆನಪಿನಲ್ಲಿ ಉಳಿದದ್ದು ಕಾಲು ಶತಮಾನದ ಬಳಿಕ ಬ್ಯಾರಿಸ್ಟರರ ನಿಲುವಂಗಿ ತೊಟ್ಟು ಬಂದ ಜವಾಹರಲಾಲ ನೆಹರೂ ಅವರ ಚಿತ್ರ. ಪ್ರಕರಣದ ಭಾರ ಹೊತ್ತು ನಡೆದವರು ಮಾತ್ರ ಮುಂಬಯಿಯ ಒಂದು ರಸ್ತೆಯ ಹೆಸರಾಗಿ ಉಳಿದಿದ್ದಾರೆ. ಆ ರಸ್ತೆಯನ್ನೂ ಹಳಬರು ಇನ್ನೂ ವಾರ್ಡನ್ ರೋಡ್ ಎಂದೇ ಕರೆಯುತ್ತಾರೆ.

ಭೂಲಾಭಾಯಿಯವರು ಹುಟ್ಟಿದ್ದು 1877ರ ಅಕ್ಟೋಬರ್ 13ರಂದು, ದಕ್ಷಿಣ ಗುಜರಾತಿನ ಇಂದಿನ ವಲಸಾಡ ಸೀಮೆಯಲ್ಲಿ. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿದರು. ಕೆಲಕಾಲ ಅಹಮದಾಬಾದಿನ ಗುಜರಾತ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದರು. 1905ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ನ್ಯಾಯವಾದಿಯಾಗಿ ಹೆಸರು ನೋಂದಾಯಿಸಿದರು. ಅವರ ಕಾರ್ಯಕ್ಷೇತ್ರ ಆ ನ್ಯಾಯಾಲಯದ ಒರಿಜಿನಲ್ ಸೈಡ್, ಎಂದರೆ ಮುಂಬಯಿ ನಗರದ ವ್ಯಾಪಾರಿಗಳ, ಗಿರಣಿ ಮಾಲೀಕರ, ವಿಶ್ವಸ್ತ ನಿಧಿಗಳ ದೊಡ್ಡ ದೊಡ್ಡ ದಾವೆಗಳು ನೇರವಾಗಿ ದಾಖಲಾಗುತ್ತಿದ್ದ ಶಾಖೆ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳ ಮೇಲ್ಮನವಿಗಳು 1956ರವರೆಗೂ ಬರುತ್ತಿದ್ದುದು ಇದೇ ಕಟ್ಟಡದ ಇನ್ನೊಂದು ಶಾಖೆಗೆ. ಕೋರ್ಟಿನ ತಾರೀಖಿಗಾಗಿ ಗಂಟುಮೂಟೆ ಕಟ್ಟಿಕೊಂಡು ರೈಲು ಹತ್ತಿದ ಕನ್ನಡ ನಾಡಿನ ಕಕ್ಷಿಗಾರರಿಗೆ ಆ ಕಲ್ಲಿನ ಕಮಾನುಗಳು ಅಪರಿಚಿತವಾಗಿರಲಿಲ್ಲ. ಮಹಮ್ಮದಾಲಿ ಜಿನ್ನಾ ಅವರೂ ಅದೇ ವಕೀಲ ಸಮುದಾಯದವರು. ಮುಂದೆ ಸ್ವತಂತ್ರ ಭಾರತದ ಮೊದಲ ಅಟಾರ್ನಿ ಜನರಲ್ ಆದ ಮೋತಿಲಾಲ ಸೇತಲವಾಡರು ಭೂಲಾಭಾಯಿಯವರನ್ನು ಹತ್ತಿರದಿಂದ ಬಲ್ಲವರು. ಅವರ ಜೀವನಚರಿತ್ರೆಯನ್ನು ಬರೆದವರೂ ಅವರೇ.

ಹಣ, ಕೀರ್ತಿ ಎರಡೂ ಕೈಸೇರಿದ್ದ ಈ ಮನುಷ್ಯ ರಾಜಕಾರಣಕ್ಕೆ ಬಂದದ್ದು ನಿಧಾನವಾಗಿ. ಹೋಮ್‌ರೂಲ್ ಲೀಗ್, ಅನಂತರ ಉದಾರವಾದಿಗಳ ಪಕ್ಷ. ಒಬ್ಬ ಭಾರತೀಯನೂ ಇಲ್ಲದ ಸೈಮನ್ ಆಯೋಗ ಬಂದಾಗ ಉದಾರವಾದದಲ್ಲಿ ಅವರಿಗಿದ್ದ ನಂಬಿಕೆ ಅಲುಗಿತು. ಆದರೆ ಅವರನ್ನು ನಿಜವಾಗಿ ಜನರ ಕಡೆಗೆ ತಿರುಗಿಸಿದ್ದು ಬಾರ್ಡೋಲಿ. 1928ರಲ್ಲಿ ಸರಕಾರ ಅಲ್ಲಿಯ ಭೂಕಂದಾಯವನ್ನು ನೂರಕ್ಕೆ 22ರಷ್ಟು ಏರಿಸಿತ್ತು. ವಲ್ಲಭಭಾಯಿ ಪಟೇಲರ ನೇತೃತ್ವದ ಸತ್ಯಾಗ್ರಹದ ಒತ್ತಡಕ್ಕೆ ಮಣಿದು ಬ್ರೂಮ್‌ಫೀಲ್ಡ್ ಮತ್ತು ಮ್ಯಾಕ್ಸ್‌ವೆಲ್ ಎಂಬಿಬ್ಬರು ಅಧಿಕಾರಿಗಳ ತನಿಖೆಗೆ ಒಪ್ಪಿತು. (1922ರಲ್ಲಿ ಅಹಮದಾಬಾದಿನಲ್ಲಿ ಗಾಂಧೀಜಿಗೆ ಆರು ವರ್ಷಗಳ ಶಿಕ್ಷೆ ವಿಧಿಸಿದ ನ್ಯಾಯಾಧೀಶರೂ ಇದೇ ಬ್ರೂಮ್‌ಫೀಲ್ಡ್.) ಆ ತನಿಖೆಯ ಮುಂದೆ ರೈತರ ಪರವಾಗಿ ನಿಂತವರು ಭೂಲಾಭಾಯಿ. ಅಲ್ಲಿ ಭಾವಾವೇಶದ ಮಾತಿಗೆ ಎಡೆಯಿರಲಿಲ್ಲ. ಪ್ರಶ್ನೆ ಇದ್ದುದು ಇಷ್ಟೇ: ಸರಕಾರದ ಅಧಿಕಾರಿಗಳು ಕಂದಾಯ ಏರಿಸಲು ಆಧಾರವಾಗಿ ಹಿಡಿದ ಗೇಣಿಯ ಅಂಕಿಗಳು ನಿಜವೇ? ಅವು ನಂಬತಕ್ಕವಲ್ಲವೆಂದು ತನಿಖೆ ಕಂಡುಕೊಂಡಿತು. ನೂರಕ್ಕೆ 22ರ ಏರಿಕೆ ಸುಮಾರು ಆರಕ್ಕೆ ಇಳಿಯಿತು. 1932ರ ಕರನಿರಾಕರಣೆಯಲ್ಲಿ ಅಂಕೋಲೆಗೆ ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಬಂದುದನ್ನು ಬಲ್ಲ ಕನ್ನಡಿಗರಿಗೆ, ಮೂಲ ಬಾರ್ಡೋಲಿಯ ಗೆಲುವಿನಲ್ಲಿ ಸತ್ಯಾಗ್ರಹದ ಜತೆಗೆ ಹೀಗೊಂದು ಲೆಕ್ಕಪತ್ರದ ಹೋರಾಟವೂ ಇತ್ತೆಂಬುದು ತಿಳಿದಿರಬೇಕು. ಎದುರಾಳಿಯ ದಾಖಲೆಯಿಂದಲೇ ಎದುರಾಳಿಯ ವಾದವನ್ನು ಕೆಡವುವ ಈ ರೀತಿ ಮುಂದೆ ಕೆಂಪುಕೋಟೆಯಲ್ಲಿ ಮತ್ತೆ ಕಾಣಿಸಿಕೊಂಡಿತು.

ಅನಂತರದ ಹದಿನೈದು ವರ್ಷಗಳನ್ನು ಸಂಕ್ಷೇಪವಾಗಿ ಹೇಳಬಹುದು. ಅವರು ಕಾಂಗ್ರೆಸ್ ಸೇರಿದರು, 1932ರಲ್ಲಿ ಸೆರೆಮನೆ ಕಂಡರು, 1934ರ ಚುನಾವಣೆಯಲ್ಲಿ ಕೇಂದ್ರ ಶಾಸನಸಭೆಗೆ ಆರಿಸಿಬಂದು ಅಲ್ಲಿಯ ಕಾಂಗ್ರೆಸ್ ಪಕ್ಷದ ನಾಯಕರಾದರು. 1940ರ ವೈಯಕ್ತಿಕ ಸತ್ಯಾಗ್ರಹದಲ್ಲಿ ಮತ್ತೆ ಬಂಧನ, ಅನಾರೋಗ್ಯದಿಂದ ಬಿಡುಗಡೆ. ಅದೇ ಅನಾರೋಗ್ಯದಿಂದಾಗಿ 1942ರಲ್ಲಿ ಕಾರ್ಯಕಾರಿ ಸಮಿತಿಯಿಂದ ಹೊರಬಂದಿದ್ದರು; ಆ ಆಗಸ್ಟಿನಲ್ಲಿ ಸಮಿತಿಯ ಸದಸ್ಯರೆಲ್ಲ ಸೆರೆಮನೆ ಸೇರಿದಾಗ ಇವರು ಹೊರಗೆ ಉಳಿದರು. ಹೊರಗುಳಿದದ್ದೇ ಅವರ ಪಾಲಿಗೆ ಮುಳುವಾಯಿತೆನ್ನಬೇಕು.

1945ರ ಆರಂಭದಲ್ಲಿ ಅವರು ಮುಸ್ಲಿಂ ಲೀಗಿನ ಲಿಯಾಕತ್ ಅಲಿ ಖಾನರೊಡನೆ ಒಂದು ಒಪ್ಪಂದದ ಕರಡು ಸಿದ್ಧಪಡಿಸಿದರು. ಕೇಂದ್ರದಲ್ಲಿ ಮಧ್ಯಂತರ ಸರಕಾರ, ಅದರಲ್ಲಿ ಕಾಂಗ್ರೆಸ್ಸಿಗೂ ಲೀಗಿಗೂ ಸಮಾನ ಸ್ಥಾನ ಎಂಬುದು ಅದರ ತಿರುಳು. ಗಾಂಧೀಜಿಯವರೊಡನೆ ಮಾತಾಡಿಯೇ ಅವರು ಮುಂದುವರಿದಿದ್ದರು. ಆದರೆ ಜಿನ್ನಾ ಅವರು ತಮಗೇನೂ ಗೊತ್ತಿಲ್ಲವೆಂದರು, ಲಿಯಾಕತ್ ಅಲಿ ಹಿಂದೆ ಸರಿದರು, ಸೆರೆಯಿಂದ ಹೊರಬಂದ ಕಾಂಗ್ರೆಸ್ ನಾಯಕರು ತಮ್ಮ ಬೆನ್ನ ಹಿಂದೆ ನಡೆದ ವ್ಯವಹಾರವೆಂದು ಮುನಿದರು. ಭೂಲಾಭಾಯಿಯವರ ತಪ್ಪು ಇಲ್ಲಿ ಇಲ್ಲವೆನ್ನಲಾಗದು. ಎರಡು ಪಕ್ಷಗಳ ವಕೀಲರು ಕುಳಿತು ರಾಜಿಪತ್ರ ಬರೆದರೆ ದಾವೆ ಮುಗಿದಂತೆ ಎಂಬ ನ್ಯಾಯಾಲಯದ ಅಭ್ಯಾಸವನ್ನು ಅವರು ರಾಜಕಾರಣಕ್ಕೆ ತಂದರು. ಕಕ್ಷಿಗಾರರ ಸಹಿ ಇಲ್ಲದ ರಾಜಿ ಅದು. ಆದರೆ ಅದಕ್ಕೆ ತೆತ್ತ ದಂಡ ತಪ್ಪಿಗಿಂತ ದೊಡ್ಡದಾಯಿತು. 1945ರ ಕೊನೆಯಲ್ಲಿ ನಡೆದ ಕೇಂದ್ರ ಶಾಸನಸಭೆಯ ಚುನಾವಣೆಗೆ ಹತ್ತು ವರ್ಷ ಪಕ್ಷವನ್ನು ಅಲ್ಲಿ ನಡೆಸಿದ ನಾಯಕನಿಗೇ ಕಾಂಗ್ರೆಸ್ ಟಿಕೆಟ್ ಕೊಡಲಿಲ್ಲ. ಅದೇ ತಿಂಗಳುಗಳಲ್ಲಿ ಆಜಾದ್ ಹಿಂದ್ ಫೌಜಿನ ರಕ್ಷಣಾ ಸಮಿತಿ ರಚನೆಯಾಯಿತು. ತೇಜ್ ಬಹಾದೂರ್ ಸಪ್ರೂ, ಕೈಲಾಸನಾಥ ಕಾಟ್ಜು, ಆಸಫ್ ಅಲಿ, ನೆಹರೂ ಮೊದಲಾದವರು ಅದರಲ್ಲಿದ್ದರು. ಸಪ್ರೂ ಅವರ ಆರೋಗ್ಯ ಕೆಟ್ಟಿತು. ಪ್ರಕರಣವನ್ನು ನಡೆಸುವ ಹೊಣೆ, ಒಂದು ಸ್ಥಾನಕ್ಕೂ ಯೋಗ್ಯನಲ್ಲವೆಂದು ಪಕ್ಷ ಬದಿಗಿಟ್ಟಿದ್ದ ಅರುವತ್ತೆಂಟರ ರೋಗಪೀಡಿತ ವಕೀಲನ ಮೇಲೆ ಬಿತ್ತು. ಅವರು ಅದನ್ನು ಬೇಡವೆನ್ನಲಿಲ್ಲ.

ಕೋರ್ಟ್ ಮಾರ್ಷಲ್‌ನ ಸದಸ್ಯರು ಏಳು ಮಂದಿ. ಮೇಜರ್ ಜನರಲ್ ಬ್ಲ್ಯಾಕ್ಸ್‌ಲ್ಯಾಂಡ್ ಅಧ್ಯಕ್ಷರು. ಸರಕಾರದ ಪರವಾಗಿ ವಾದಿಸಿದವರು ಭಾರತದ ಅಡ್ವೊಕೇಟ್ ಜನರಲ್ ಸರ್ ನೌಶೀರ್ವಾನ್ ಇಂಜಿನಿಯರ್. ಅವರೂ ಮುಂಬಯಿಯ ವಕೀಲ ಸಮುದಾಯದಿಂದ ಬಂದವರೇ. ಮುಖ್ಯ ಆರೋಪ ದಂಡ ಸಂಹಿತೆಯ 121ನೆಯ ಕಲಮಿನಂತೆ ಚಕ್ರವರ್ತಿಯ ವಿರುದ್ಧ ಯುದ್ಧ ಹೂಡಿದ್ದು. ಜತೆಗೆ, ಫೌಜಿನಿಂದ ಓಡಿಹೋಗಲೆತ್ನಿಸಿದ ಸಿಪಾಯಿಗಳಿಗೆ ಮರಣದಂಡನೆ ಕೊಡಿಸಿದ್ದಕ್ಕೆ ಕೊಲೆಯ ಮತ್ತು ಕೊಲೆಗೆ ಪ್ರೇರಣೆಯ ಆರೋಪಗಳು.

ಸಾಮಾನ್ಯ ವಕೀಲನಿಗೆ ಇಲ್ಲಿ ಸುಲಭದ ದಾರಿಯೊಂದಿತ್ತು. ಸಿಂಗಪುರ ಬಿದ್ದಾಗ ಇವರು ಕೈದಿಗಳಾದರು, ಜಪಾನೀಯರ ಭಯದಿಂದ ಫೌಜು ಸೇರಿದರು, ದಯೆ ತೋರಬೇಕು ಎನ್ನಬಹುದಿತ್ತು. ಆಪಾದಿತರಿಗೆ ಅದು ಬೇಕಿರಲಿಲ್ಲ. ತಾವು ಮಾಡಿದ್ದನ್ನು ತಾವೇ ಮಾಡಿದ್ದೆಂದು ಮೂವರೂ ಹೇಳಿಕೆ ಕೊಟ್ಟರು. ಹಾಗಿದ್ದ ಮೇಲೆ ನಡೆದ ಸಂಗತಿಗಳನ್ನು ನಿರಾಕರಿಸಿ ಫಲವಿಲ್ಲ. ಭೂಲಾಭಾಯಿಯವರು ಸಂಗತಿಗಳನ್ನು ಒಪ್ಪಿಕೊಂಡು ಅವುಗಳ ಹೆಸರನ್ನು ಬದಲಿಸಿದರು. ಇದು ಬಂಡಾಯವಲ್ಲ, ಯುದ್ಧ. ಇವರು ದ್ರೋಹಿಗಳಲ್ಲ, ಇನ್ನೊಂದು ಸರಕಾರದ ಸೈನಿಕರು ಎಂಬುದೇ ಅವರ ಪ್ರತಿಪಾದನೆ.

ಈ ಪ್ರತಿಪಾದನೆಗೆ ಬೇಕಾದ ಸಾಕ್ಷ್ಯವನ್ನು ಅವರು ಎಲ್ಲಿಂದ ತಂದರೆಂಬುದನ್ನು ವಕೀಲಿವೃತ್ತಿಯ ವಿದ್ಯಾರ್ಥಿಗಳು ಗಮನಿಸಬೇಕು. ಸರಕಾರದ ಮೊದಲ ಸಾಕ್ಷಿ ಡಿ. ಸಿ. ನಾಗ್ ಎಂಬ ಅಧಿಕಾರಿ. ಫೌಜಿನ ಕಚೇರಿಯಲ್ಲಿ ಕೆಲಸ ಮಾಡಿದ್ದವನು. ಅವನನ್ನು ಸುಳ್ಳುಗಾರನೆಂದು ತೋರಿಸಲು ಹೋಗದೆ, ಪಾಟೀಸವಾಲಿನಲ್ಲಿ ಅವನ ಬಾಯಿಂದಲೇ ಫೌಜಿನ ರಚನೆಯನ್ನು ಹೊರಡಿಸಿದರು: ಅದಕ್ಕೆ ತನ್ನದೇ ಕಾಯಿದೆ ಇತ್ತು, ದರ್ಜೆಗಳಿದ್ದವು, ಲಾಂಛನಗಳಿದ್ದವು, ಶಿಸ್ತಿನ ಕ್ರಮವಿತ್ತು. ಫೌಜಿನ ಕಠೋರತೆಗೆ ಪುರಾವೆಯೆಂದು ಸರಕಾರ ಹಾಜರುಪಡಿಸಿದ ಕಾಗದಗಳೇ ಅದು ವ್ಯವಸ್ಥಿತ ಸೈನ್ಯವಾಗಿತ್ತೆಂಬುದಕ್ಕೆ ಪುರಾವೆಯಾದವು. ರಕ್ಷಣೆಯ ಕಡೆಯಿಂದ ಜಪಾನಿನ ವಿದೇಶಾಂಗ ಇಲಾಖೆಯ ಅಧಿಕಾರಿಗಳನ್ನೇ ಕರೆಸಿದರು. ಸೋತ ದೇಶದ ಅಧಿಕಾರಿಗಳು ಗೆದ್ದವರ ನ್ಯಾಯಾಲಯದಲ್ಲಿ ನಿಂತು, 1943ರ ಅಕ್ಟೋಬರ್ 21ರಂದು ಸಿಂಗಪುರದಲ್ಲಿ ಸ್ಥಾಪಿತವಾದ ಆಜಾದ್ ಹಿಂದ್ ಸರಕಾರವನ್ನು ತಮ್ಮ ದೇಶ ಮನ್ನಿಸಿತ್ತೆಂದು ಹೇಳಿದರು. ಒಟ್ಟು ಒಂಬತ್ತು ಸರಕಾರಗಳು ಅದನ್ನು ಮನ್ನಿಸಿದ್ದವು. ಪ್ರಚಾರ ಮಂತ್ರಿಯಾಗಿದ್ದ ಎಸ್. ಎ. ಅಯ್ಯರ್, ಆಜಾದ್ ಹಿಂದ್ ಬ್ಯಾಂಕಿನ ನಿರ್ದೇಶಕ ದೀನಾನಾಥ್, ಅಂದಮಾನಿನ ಆಡಳಿತ ವಹಿಸಿದ್ದ ಲೋಗನಾದನ್ ಇವರೆಲ್ಲ ಸಾಕ್ಷಿ ನುಡಿದರು. ಸರಕಾರವೆಂದರೆ ಬೇಕಾದ ಮಂತ್ರಿಮಂಡಲ, ಖಜಾನೆ, ನೆಲ ಮೂರನ್ನೂ ಒಂದೊಂದಾಗಿ ತೋರಿಸುವ ಕ್ರಮ ಇದು.

ಡಿಸೆಂಬರಿನಲ್ಲಿ ಎರಡು ದಿನ ನಡೆದ ಅವರ ಅಂತಿಮ ವಾದದ ಸಾರವನ್ನು ಹೀಗೆ ಹೇಳಬಹುದು. ಈ ನ್ಯಾಯಾಲಯದ ಮುಂದಿರುವುದು ಮೂವರ ಅಪರಾಧವಲ್ಲ. ಆಳಿಸಿಕೊಳ್ಳುತ್ತಿರುವ ಒಂದು ಜನಾಂಗ ತನ್ನ ಬಿಡುಗಡೆಗಾಗಿ ಯುದ್ಧ ಮಾಡಬಹುದೇ ಎಂಬ ಪ್ರಶ್ನೆ. ಹಾಗೆ ಯುದ್ಧ ಮಾಡುವ ಹಕ್ಕು ಇಲ್ಲವೆಂದಾದರೆ ಆಳಿಸಿಕೊಳ್ಳುವವರು ಎಂದೆಂದಿಗೂ ಹಾಗೆಯೇ ಇರಬೇಕಾದೀತು. ಅಮೆರಿಕೆಯ ವಸಾಹತುಗಳು 1776ರಲ್ಲಿ ಇದೇ ರಾಜಸಿಂಹಾಸನದ ವಿರುದ್ಧ ಆಯುಧ ಹಿಡಿದವು. ಅವರೂ ಅದಕ್ಕೆ ನಿಷ್ಠೆ ತೋರಬೇಕಾದವರೇ ಆಗಿದ್ದರು. ಫ್ರಾನ್ಸಿನಲ್ಲಿ ಜರ್ಮನರ ವಿರುದ್ಧ ಕಾಡುಮೇಡುಗಳಿಂದ ಹೋರಾಡಿದವರನ್ನು ಯೋಧರೆಂದೇ ಕಾಣಬೇಕೆಂದು ಮಿತ್ರಪಕ್ಷದ ಸೇನಾಪತಿ ಸಾರಿದ್ದರು. ಅಲ್ಲಿ ಧರ್ಮವಾದದ್ದು ಇಲ್ಲಿ ಅಪರಾಧವಾಗುವುದು ಹೇಗೆ? ರಾಜನೂ ದೇಶವೂ ಒಂದೇ ಆಗಿರುವಲ್ಲಿ ನಿಷ್ಠೆ ಸರಳ. ಎರಡೂ ಬೇರೆಯಾದಲ್ಲಿ ದೇಶವನ್ನು ಆರಿಸಿಕೊಂಡವನನ್ನು ದ್ರೋಹಿ ಎನ್ನಲಾಗದು. 1942ರ ಫೆಬ್ರುವರಿ 17ರಂದು ಸಿಂಗಪುರದ ಫರೆರ್ ಪಾರ್ಕಿನಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬ ಸಾವಿರಾರು ಭಾರತೀಯ ಸಿಪಾಯಿಗಳನ್ನು ಜಪಾನೀಯರ ವಶಕ್ಕೆ ಒಪ್ಪಿಸಿ ಹೋದ ಮೇಲೆ, ಅವರಿಂದ ಯಾವ ನಿಷ್ಠೆಯನ್ನು ಅಪೇಕ್ಷಿಸಲಾಗುತ್ತಿದೆ? ಇಷ್ಟೆಲ್ಲ ಆದ ಮೇಲೆ ಅವರು ದಂಡ ಸಂಹಿತೆಯ 79ನೆಯ ಕಲಮಿಗೆ ಬಂದು ನಿಂತರು: ಕಾನೂನು ಸಮರ್ಥಿಸುವ ಕೃತ್ಯ ಅಪರಾಧವಲ್ಲ, ಆ ‘ಕಾನೂನು’ ಎಂಬ ಪದದಲ್ಲಿ ರಾಷ್ಟ್ರ ರಾಷ್ಟ್ರಗಳ ನಡುವಿನ ಕಾನೂನೂ ಸೇರುತ್ತದೆ. ಜಗತ್ತಿನ ಚರಿತ್ರೆಯನ್ನೆಲ್ಲ ಸುತ್ತಿ ಬಂದು ಸರಕಾರವೇ ಮಾಡಿದ ಕಾಯಿದೆಯ ಒಂದು ಸಾಲಿನಲ್ಲಿ ವಾದವನ್ನು ನೆಲೆಗೊಳಿಸಿದ್ದು ಅವರ ವೃತ್ತಿಯ ನಿಜವಾದ ಹೆಚ್ಚುಗಾರಿಕೆ.

ವಾದದಲ್ಲಿ ದೌರ್ಬಲ್ಯ ಇರಲಿಲ್ಲವೇ? ಇತ್ತು, ಅದನ್ನು ಮುಚ್ಚಿಡುವುದು ಅವರಿಗೆ ಮರ್ಯಾದೆ ತರುವುದಿಲ್ಲ. ಅಂದಮಾನಿನಲ್ಲಿ ತಮ್ಮ ಕೈಗೆ ಪೂರ್ತಿಯಾಗಿ ಬಂದದ್ದು ಶಿಕ್ಷಣ ಇಲಾಖೆ ಮಾತ್ರ ಎಂದು ಲೋಗನಾದನ್ ಪಾಟೀಸವಾಲಿನಲ್ಲಿ ಒಪ್ಪಿಕೊಳ್ಳಬೇಕಾಯಿತು. ಜಪಾನಿನ ರಾಯಭಾರಿಯಾಗಿ ಬಂದ ಹಾಚಿಯಾ ಅಧಿಕಾರಪತ್ರವನ್ನೇ ತಂದಿರಲಿಲ್ಲ. ಸುಭಾಷಚಂದ್ರ ಬೋಸರು ಅವರನ್ನು ಭೇಟಿಯಾಗಲೂ ಒಪ್ಪಿರಲಿಲ್ಲ. ಜಪಾನೀಯರ ನೆರಳಿಲ್ಲದೆ ನಿಲ್ಲಬಲ್ಲ ಸರಕಾರ ಅದಾಗಿತ್ತೆಂದು ನಿಷ್ಪಕ್ಷಪಾತಿಯಾದ ಯಾವ ನ್ಯಾಯಾಧೀಶನೂ ಸುಲಭವಾಗಿ ಹೇಳಲಾರ. ಆದರೆ ಹಾಚಿಯಾ ಪ್ರಸಂಗವನ್ನೇ ತಿರುಗಿಸಿ ನೋಡಿದರೆ, ಪತ್ರವಿಲ್ಲದ ರಾಯಭಾರಿಯನ್ನು ಬಾಗಿಲಲ್ಲೇ ನಿಲ್ಲಿಸುವ ಸರಕಾರ ಬರಿಯ ಬೊಂಬೆಯಾಗಿರಲಿಲ್ಲವೆಂಬುದೂ ಅಷ್ಟೇ ಸ್ಪಷ್ಟ.

ಮೊಕದ್ದಮೆ ಗೆದ್ದದ್ದು ಬೀದಿಯಲ್ಲಿ, ನ್ಯಾಯಾಲಯದಲ್ಲಲ್ಲ ಎಂಬ ಮಾತು ಚರಿತ್ರಕಾರರಲ್ಲಿ ರೂಢಿಯಾಗಿದೆ. ತೀರ್ಪನ್ನು ನೋಡಿದರೆ ಅದು ಸರಿಯೆನಿಸುತ್ತದೆ. ಯುದ್ಧ ಹೂಡಿದ ಆರೋಪ ಮೂವರ ಮೇಲೂ ಸಿದ್ಧವಾಯಿತೆಂದು ನ್ಯಾಯಾಲಯ ಹೇಳಿತು. ಧಿಲ್ಲೋನ್ ಮತ್ತು ಸಹಗಲ್ ಕೊಲೆಗೆ ಸಂಬಂಧಿಸಿದ ಆರೋಪಗಳಿಂದ ಬಿಡುಗಡೆ ಹೊಂದಿದರೂ ಶಹಾನವಾಜರ ಮೇಲಿನ ಪ್ರೇರಣೆಯ ಆರೋಪ ನಿಂತಿತು. ಶಿಕ್ಷೆ ಜೀವಾವಧಿ ಗಡೀಪಾರು, ಸೈನ್ಯದಿಂದ ವಜಾ, ಬಾಕಿ ಸಂಬಳದ ಜಪ್ತಿ. 1946ರ ಜನವರಿ ಮೊದಲ ವಾರದಲ್ಲಿ ಸೇನಾಪತಿ ಆಕಿನ್‌ಲೆಕ್ ಗಡೀಪಾರನ್ನು ಮನ್ನಾ ಮಾಡಿದರು. ಜನಾಭಿಪ್ರಾಯದ ಒತ್ತಡವೇ ಅದಕ್ಕೆ ಕಾರಣವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಆ ಜನಾಭಿಪ್ರಾಯಕ್ಕೆ ಆಕಾರ ಕೊಟ್ಟದ್ದು ಏನು? ಯುದ್ಧಕಾಲದ ಸುದ್ದಿನಿರ್ಬಂಧದಿಂದಾಗಿ ಫೌಜಿನ ಕಥೆ ದೇಶಕ್ಕೆ ತಿಳಿದೇ ಇರಲಿಲ್ಲ. ಅದು ತಿಳಿದದ್ದು ಬಹುಮಟ್ಟಿಗೆ ಸಾಕ್ಷಿಗಳ ಬಾಯಿಂದ, ಪಾಟೀಸವಾಲಿನ ವರದಿಗಳಿಂದ, ಬೆಳಗಿನ ಪತ್ರಿಕೆಗಳಲ್ಲಿ. ಜನ ಕರುಣೆಯನ್ನು ಬೇಡಲಿಲ್ಲ, ಹಕ್ಕನ್ನು ಕೇಳಿದರು. ಹಾಗೆ ಕೇಳಲು ಬೇಕಾದ ಮಾತನ್ನು ಒದಗಿಸಿದ್ದು ಭೂಲಾಭಾಯಿಯವರ ವಾದ. ಮುಂದಿನ ಪ್ರಕರಣಗಳಲ್ಲೊಂದಾದ ಕ್ಯಾಪ್ಟನ್ ಅಬ್ದುಲ್ ರಶೀದರ ವಿಚಾರಣೆಯಲ್ಲಿ ರಕ್ಷಣೆಯ ದಾರಿ ಬೇರೆಯಾಗಿತ್ತು. ಅಲ್ಲಿ ಈ ಹಕ್ಕಿನ ವಾದ ಇರಲಿಲ್ಲ. ಅವರಿಗೆ ಏಳು ವರ್ಷಗಳ ಕಠಿಣ ಶಿಕ್ಷೆಯಾಯಿತು. ಅದನ್ನು ಪ್ರತಿಭಟಿಸಿ ಕಲಕತ್ತೆಯ ಜನ ಬೀದಿಗಿಳಿದರು. ಬೀದಿ ಎರಡೂ ಸಲ ಇತ್ತು ಎಂಬುದನ್ನು, ಬೀದಿಗೇ ಎಲ್ಲ ಶ್ರೇಯಸ್ಸನ್ನು ಕೊಡುವವರು ಯೋಚಿಸಬೇಕು. ಆರೋಪಗಳ ಸ್ವರೂಪ ಬೇರೆಯಿತ್ತೆಂಬುದು ನಿಜ. ಆದರೆ ಅದು ಬೇರೆಯಾದದ್ದೂ ಮೊದಲ ಮೊಕದ್ದಮೆಯಿಂದಲೇ. ಅದು ನಡೆಯುತ್ತಿರುವಾಗಲೇ ಸರಕಾರ ಬರಿಯ ಯುದ್ಧ ಹೂಡಿದ ಆರೋಪದ ಮೇಲೆ ಇತರರನ್ನು ವಿಚಾರಣೆಗೆ ಗುರಿಪಡಿಸುವ ಯೋಚನೆಯನ್ನು ಕೈಬಿಟ್ಟಿತ್ತು.

ಇನ್ನೊಂದು ಸಂಗತಿ. 1977ರಲ್ಲಿ ಜಿನೀವಾ ಒಪ್ಪಂದಗಳಿಗೆ ಸೇರಿಸಿದ ಮೊದಲ ಪೂರಕ ಒಡಂಬಡಿಕೆ, ವಸಾಹತು ಆಳ್ವಿಕೆಯ ವಿರುದ್ಧ ಜನಾಂಗಗಳು ನಡೆಸುವ ಸಶಸ್ತ್ರ ಹೋರಾಟವನ್ನು ಅಂತರರಾಷ್ಟ್ರೀಯ ಯುದ್ಧವೆಂದೇ ಪರಿಗಣಿಸಿತು. 1945ರಲ್ಲಿ ಏಳು ಮಂದಿ ಸೈನಿಕಾಧಿಕಾರಿಗಳು ಒಪ್ಪದೆ ಬಿಟ್ಟ ಮಾತು ಮೂವತ್ತೆರಡು ವರ್ಷಗಳ ಬಳಿಕ ಬಹುಮಟ್ಟಿಗೆ ಜಗತ್ತಿನ ಕಾನೂನಾಯಿತು. ಆ ಒಡಂಬಡಿಕೆಗೆ ಭಾರತ ಸೇರಿಲ್ಲ. ಸ್ವತಂತ್ರ ರಾಷ್ಟ್ರಕ್ಕೆ ಅದರದೇ ಆದ ಅಂಜಿಕೆಗಳಿರುತ್ತವೆ. ಕೆಂಪುಕೋಟೆಯ ಮೇಲೆ ಪ್ರತಿವರ್ಷ ಧ್ವಜ ಏರಿಸುವ ರಾಷ್ಟ್ರ ಆ ಕೋಟೆಯೊಳಗೆ ತನ್ನ ಪರವಾಗಿ ಮಂಡಿತವಾದ ವಾದಕ್ಕೆ ಸಹಿ ಹಾಕದೆ ಉಳಿದಿದೆ ಎಂಬುದನ್ನು ಮಾತ್ರ ಗುರುತಿಸದೆ ಇರಲಾಗದು.

ವಿಚಾರಣೆ ಮುಗಿಯುವಾಗ ಭೂಲಾಭಾಯಿಯವರ ದೇಹ ಸೋತಿತ್ತು. 1946ರ ಫೆಬ್ರುವರಿಯಲ್ಲಿ ಮುಂಬಯಿಯ ನಾವಿಕರು ದಂಗೆಯೆದ್ದಾಗ ಅವರ ವಾದದ ಪ್ರತಿಧ್ವನಿ ಬಂದರಿನವರೆಗೆ ಮುಟ್ಟಿತ್ತು. ಅವರು ಅದೇ ವರ್ಷದ ಮೇ 6ರಂದು ತೀರಿಕೊಂಡರು. ಸೆಪ್ಟೆಂಬರಿನಲ್ಲಿ ಮಧ್ಯಂತರ ಸರಕಾರ ಬಂದಿತು. ಅಕ್ಟೋಬರಿನಲ್ಲಿ ಲೀಗೂ ಅದರೊಳಗೆ ಸೇರಿತು, ಲಿಯಾಕತ್ ಅಲಿ ಖಾನರು ಅರ್ಥಮಂತ್ರಿಗಳಾದರು. ವಾರ್ಡನ್ ರೋಡಿನ ಮನೆಯಲ್ಲಿ ಮುಂದೆ ಭೂಲಾಭಾಯಿ ಸ್ಮಾರಕ ಸಂಸ್ಥೆ ನಡೆಯಿತು. ಹುಸೇನ್, ಗಾಯತೊಂಡೆ ಮೊದಲಾದ ಚಿತ್ರಕಾರರು ಅಲ್ಲಿ ಬಣ್ಣ ಕಲಸಿದರು, ರವಿಶಂಕರ್ ಸಿತಾರ್ ಕಲಿಸಿದರು, ಅಲ್ಕಾಜಿಯವರು ನಾಟಕದ ತಾಲೀಮು ನಡೆಸಿದರು. ಕಲೆಯ ಚರಿತ್ರೆ ಬರೆಯುವವರು ಆ ಮನೆಯ ಹೆಸರನ್ನು ಇಂದಿಗೂ ಆದರದಿಂದ ಹೇಳುತ್ತಾರೆ. ಕೆಂಪುಕೋಟೆಯ ಎರಡೂ ವಿಚಾರಣೆಗಳ ಕಲಾಪವನ್ನು ವಕೀಲ ಮೋತಿರಾಮರು 1946ರಲ್ಲೇ ಒಂದೇ ಸಂಪುಟದಲ್ಲಿ ಅಚ್ಚುಹಾಕಿಸಿದರು. ಬಾದಶಹನ ಮೌನವೂ ಭೂಲಾಭಾಯಿಯವರ ಎರಡು ದಿನದ ಮಾತೂ ಅದರಲ್ಲಿ ಒಟ್ಟಿಗಿವೆ.